ಮೊಳೆಗೆ ತೂಗಿದ ಕತ್ತರಿ

ಅವಳ ನಿಜವಾದ ಹೆಸರು ಪಾಸ್‌ಪೋರ್ಟಿನಲ್ಲಿದೆ. ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಊರಲ್ಲಿ, ಪರದೇಶದಲ್ಲಿ, ಎಲ್ಲ ಕಡೆ ಅವಳು ಟೇಪಕ್ಕ. ಕುತ್ತಿಗೆಯಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ಕಂಡವರು ಕಡಿಮೆ. ನೆಂಟರ ಮದುವೆಗೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೋಗಿದ್ದಳು. ಫೋಟೋ ತೆಗೆಯುವವನು "ಅಕ್ಕ, ಅದೊಂದು ತೆಗೆದಿಡಿ" ಅಂದಾಗಲೇ ಹಳದಿ ಟೇಪು ಹೆಗಲ ಮೇಲಿದೆ ಎಂದು ಅವಳಿಗೆ ಗೊತ್ತಾದದ್ದು. ಪಾಸ್‌ಪೋರ್ಟಿನ ಫೋಟೋಗೂ ಅದನ್ನು ತೆಗೆಸಿದ್ದರು. ಆ ಫೋಟೋದಲ್ಲಿ ಟೇಪಿಲ್ಲದೆ ಕೂತಿರುವ ಹೆಂಗಸು ಬೇರೆ ಯಾರೋ ಎಂದೇ ಅವಳ ವಾದ.

ಬಸ್ಸಿನಲ್ಲಿ ಎದುರಿಗೆ ಕೂತವರ ಭುಜ ಹದಿನೇಳೋ ಹದಿನೇಳೂವರೆಯೋ ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಾಳೆ. ಬಟ್ಟೆಯ ವಿಷಯದಲ್ಲಿ ಆ ಕಣ್ಣು ಮೋಸ ಹೋದದ್ದಿಲ್ಲ. ಮನುಷ್ಯರ ವಿಷಯದಲ್ಲಿ ಹೋಯಿತು. ಹೇಗೆ ಹೋಯಿತು ಎಂದು ಹೇಳಬೇಕಾದರೆ ಮೊದಲು ಅವಳ ಸೋದರಮಾವನ ಅಂಗಡಿಗೆ ಹೋಗಬೇಕು.

ಅವಳು ಹೊಲಿಗೆ ಕಲಿತದ್ದು ಅಲ್ಲಿ. ಅಪ್ಪನೂ ಟೈಲರೇ. ಅವಳಿಗೆ ಹದಿನಾರು ತುಂಬುವ ಮೊದಲೇ ಕಣ್ಣು ಮುಚ್ಚಿದ. ಬಿಟ್ಟುಹೋದದ್ದು ಒಂದು ದೊಡ್ಡ ಕಬ್ಬಿಣದ ಕತ್ತರಿ. ಹೆಬ್ಬೆರಳು ತೂರಿಸುವ ಬಳೆ ಅವನ ಬೆರಳಿಗೇ ಸವೆದು ಒಂದು ಕಡೆ ಓರೆಯಾಗಿತ್ತು. ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಮಾವನ ಮುಂದೆ ಹೋಗಿ ನಿಂತಳು. ಮಾವ ಮೊದಲು ಮಾಡಿದ ಕೆಲಸ ಆ ಕತ್ತರಿಯನ್ನು ಅವಳ ಕೈಯಿಂದ ಇಸಿದುಕೊಂಡದ್ದು.

ಮಾವನ ಅಂಗಡಿಯಲ್ಲಿ ಅದು ಪದ್ಧತಿ. ಸೇರುವವರು ತಮ್ಮ ಕತ್ತರಿಯನ್ನು ಮಾಸ್ಟರಿಗೆ ಒಪ್ಪಿಸಬೇಕು. ಗೋಡೆಗೆ ಒಂದು ಹಲಗೆ, ಹಲಗೆಗೆ ಹನ್ನೆರಡು ಮೊಳೆ, ಒಂದೊಂದು ಮೊಳೆಯ ಕೆಳಗೂ ಬಿಳಿ ಬಣ್ಣದಲ್ಲಿ ಒಂದು ಅಂಕಿ. ಬೆಳಿಗ್ಗೆ ಬಂದವರು ತಮ್ಮ ಮೊಳೆಯಿಂದ ಕತ್ತರಿ ತೆಗೆದುಕೊಳ್ಳಬೇಕು, ಸಂಜೆ ಅಲ್ಲೇ ತೂಗುಹಾಕಿ ಮನೆಗೆ ಹೋಗಬೇಕು. ತಿಂಗಳಿಗೊಮ್ಮೆ ಮಾವ ತಾವೇ ಕೂತು ಎಲ್ಲ ಕತ್ತರಿಗಳಿಗೂ ಸಾಣೆ ಹಿಡಿದು, ಎಣ್ಣೆ ಬಿಟ್ಟು, ಒರೆಸಿ ಇಡುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಕೆಲಸ ಬಿಡುವವರಿಗೆ ಮಾವನೇ ಮೊಳೆಯಿಂದ ಇಳಿಸಿ ಕೈಗೆ ಕೊಡಬೇಕು. ಹಾಗೆ ಕೊಡಿಸಿಕೊಳ್ಳದೆ ಬರಿಗೈಯಲ್ಲಿ ಹೋದವರನ್ನು ಆ ಊರಿನ ಬೇರೆ ಅಂಗಡಿಯವರು ಹತ್ತಿರ ಸೇರಿಸುತ್ತಿರಲಿಲ್ಲ. ಜಗಳ ಮಾಡಿಕೊಂಡು ಬಂದಿರಬೇಕು ಎಂದು ಮುಖ ತಿರುಗಿಸುತ್ತಿದ್ದರು.

ಟೇಪಕ್ಕನದು ಏಳನೇ ಮೊಳೆ. ಅಪ್ಪನ ಕತ್ತರಿ ಅಲ್ಲಿ ತೂಗಿದ ದಿನ, ತಾನೂ ಒಂದು ಜಾಗಕ್ಕೆ ಸೇರಿದವಳಾದೆ ಎಂದು ಅವಳಿಗೆ ಎದೆ ತುಂಬಿ ಬಂದಿತ್ತು. ಅಪ್ಪನಿಲ್ಲದ ಹುಡುಗಿಗೆ ಅದು ಸಣ್ಣ ಮಾತೇನಲ್ಲ.

ನಾಲ್ಕನೇ ಮೊಳೆ ಕಾಜಕ್ಕನದು. ಗುಂಡಿ ತೂರಿಸುವ ಕಾಜಗಳನ್ನು ಅವಳ ಹಾಗೆ ಕೈಯಲ್ಲಿ ಹೆಣೆಯುವವರು ಇರಲಿಲ್ಲ, ಅದಕ್ಕೇ ಆ ಹೆಸರು. ಟೇಪಕ್ಕನಿಗೆ ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಕಾಜಕ್ಕನ ತಾಯಿ ಊರಿನ ಆ ತುದಿಯಲ್ಲಿ ಹಾಸಿಗೆ ಹಿಡಿದಿದ್ದಳು. ತಾಯಿಯ ಮನೆ ಪಕ್ಕದ ಅಂಗಡಿಯೊಂದು ಕಾಜಕ್ಕನನ್ನು ಕರೆಯಿತು. ಅಲ್ಲಿ ಸೇರಿದರೆ ಮಧ್ಯಾಹ್ನ ಎದ್ದು ಹೋಗಿ ತಾಯಿಗೆ ತುತ್ತು ಹಾಕಿ ಬರಬಹುದು. ಕಾಜಕ್ಕ ಮಾವನ ಹತ್ತಿರ ಕತ್ತರಿ ಕೇಳಿದಳು.

"ಸೀಸನ್ ಮುಗೀಲಿ ತಾಯಿ, ನಾನೇ ಕೈಯಾರೆ ಕೊಡ್ತೀನಿ" ಎಂದು ಮಾವ ಅವಳ ಹೆಗಲ ಮೇಲೆ ಕೈಯಿಟ್ಟರು.

ಆ ಸೀಸನ್ ಮುಗಿಯುವುದರೊಳಗೆ ಇನ್ನೊಂದು ಬಂತು. ಕಾಜಕ್ಕ ನಾಲ್ಕಾರು ಸಲ ಕೇಳಿದಳು. ಒಂದು ದಿನ ಮೂಲೆಯಲ್ಲಿ ಕೂತು ಅಳುತ್ತಿದ್ದವಳಿಗೆ ಟೇಪಕ್ಕನೇ ಸಮಾಧಾನ ಹೇಳಿದ್ದಳು: "ಮಾವ ನಮ್ಮ ಒಳ್ಳೇದಕ್ಕೇ ಅಲ್ವಾ ಹೇಳೋದು. ಸ್ವಲ್ಪ ತಡ್ಕೋ ಕಾಜಕ್ಕ." ಕಾಜಕ್ಕ ತಡೆದುಕೊಂಡಳು. ತಾಯಿ ತೀರಿಕೊಂಡ ಸುದ್ದಿ ಬಂದಾಗ ಅವಳ ಕೈಯಲ್ಲಿ ಯಾರದೋ ಕೋಟಿನ ಮೂರನೇ ಕಾಜ ಅರ್ಧವಾಗಿತ್ತು. ಎದ್ದು ಹೋದವಳು ಮತ್ತೆ ಬರಲಿಲ್ಲ. ಅವಳ ಕತ್ತರಿ ನಾಲ್ಕನೇ ಮೊಳೆಯಲ್ಲೇ ಉಳಿಯಿತು.

ಇದಾಗಿ ಏಳು ವರ್ಷಕ್ಕೆ ಟೇಪಕ್ಕನಿಗೆ ಪರದೇಶದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ; ಮಗಳು ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂದು ಹಟ ಹಿಡಿದಿದ್ದಳು. ಹೊರಡುವ ಮೊದಲು ಮಾವನ ಹತ್ತಿರ ಅಪ್ಪನ ಕತ್ತರಿ ಕೇಳಿದಳು. ಮಾವ ಅದರ ಮೇಲೆ ಕೈಯಿಟ್ಟು ನಿಂತರು. "ಇದು ಇಲ್ಲೇ ಇರ್ಲಿ ಮಗಳೇ. ಇದಿದ್ರೆ ನೀನು ವಾಪಸ್ ಬರ್ತೀಯ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಟೇಪಕ್ಕನೂ ಅತ್ತಳು. ದಾರಿಯಲ್ಲಿ ಹೊಸ ಕತ್ತರಿಯೊಂದನ್ನು ಕೊಂಡುಕೊಂಡು ವಿಮಾನ ಹತ್ತಿದಳು. ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ ತಪಾಸಣೆಯವರ ಹತ್ತಿರ ಬೈಸಿಕೊಂಡದ್ದು ಬೇರೆ ಮಾತು.

ಹೋಟೆಲಿನ ಹೊಲಿಗೆ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ, ಎರಡು ಮಷೀನು, ಒಂದು ಉದ್ದ ಮೇಜು, ಗೋಡೆಯುದ್ದಕ್ಕೂ ಪರದೆ ಬಟ್ಟೆಯ ಸುರುಳಿಗಳು. ಮೂರು ವರ್ಷ ಅಲ್ಲಿ ಪರದೆಗೆ ಅಂಚು ಹಾಕಿದಳು, ಅಡುಗೆಯವರ ಕೋಟಿಗೆ ಗುಂಡಿ ಹಚ್ಚಿದಳು, ಬಾಗಿಲು ತೆಗೆಯುವವನ ಹೊಟ್ಟೆ ಬೆಳೆದ ಹಾಗೆಲ್ಲ ಅವನ ಸಮವಸ್ತ್ರ ಬಿಚ್ಚಿ ಹೊಲಿದಳು. ಆಮೇಲೆ ಹೋಟೆಲು ಮಾರಾಟವಾಯಿತು. ಎಲ್ಲರನ್ನೂ ಒಂದೇ ದಿನ ಕರೆದು, ಬರಬೇಕಾದದ್ದನ್ನೆಲ್ಲ ಕೊಟ್ಟು, ಕೈಗೊಂದು ಕಾಗದ ಇಟ್ಟರು. ಇನ್ನು ಅರವತ್ತು ದಿನದೊಳಗೆ ಬೇರೆ ಕೆಲಸ ಹುಡುಕಿ, ಆ ಹೊಸ ಮಾಲೀಕರ ಹೆಸರಿಗೆ ಪರವಾನಗಿ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ದೇಶ ಬಿಡಬೇಕು. ಮಗಳದು ಕೊನೆಯ ವರ್ಷ. ಕೆಲಸ ಸಿಕ್ಕರೆ ಅವಳು ಕೋರ್ಸು ಮುಗಿಸುತ್ತಾಳೆ, ಸಿಗದಿದ್ದರೆ ತಾಯಿಯ ಪೆಟ್ಟಿಗೆಯ ಜೊತೆ ಮಗಳ ಪುಸ್ತಕವೂ ಕಟ್ಟಿದಂತೆ.

ಟೇಪಕ್ಕನ ಕೋಣೆಯಲ್ಲಿ ಅವಳ ಜೊತೆಗಿದ್ದವಳು ಆಸ್ಪತ್ರೆಯ ನರ್ಸು. ಎಲ್ಲರಿಗೂ ನರ್ಸಮ್ಮ. ವಯಸ್ಸಿನಲ್ಲಿ ಟೇಪಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು, ಗದರುವುದರಲ್ಲಿ ಇಪ್ಪತ್ತು ವರ್ಷ ದೊಡ್ಡವಳು. ಹೋಟೆಲಿನ ಕಾಗದ ನೋಡಿದ ದಿನವೇ ಕ್ಯಾಲೆಂಡರಿನಲ್ಲಿ ಅರವತ್ತನೇ ದಿನಕ್ಕೆ ಕೆಂಪು ಸುತ್ತು ಹಾಕಿದಳು.

"ನೋಡಿ ಟೇಪಕ್ಕ, ಹೋಗೋದಾದ್ರೆ ಹಗಲು ಹೊತ್ತಲ್ಲಿ ಹೋಗಿ. ಎಲ್ಲಿಗೆ ಅಂತ ನನಗೆ ಹೇಳಿ ಹೋಗಿ. ಬೋರ್ಡಿನ ಫೋಟೋ ಕಳಿಸಿ, ಆ ಕಂಪನಿಗೆ ಜನ ಇಟ್ಕೊಳ್ಳೋ ಪರವಾನಗಿ ಇದೆಯಾ ಅಂತ ನಾನು ಕಾರ್ಮಿಕ ಇಲಾಖೆ ಪಟ್ಟೀಲಿ ನೋಡ್ತೀನಿ. ಕೆಲಸ ಕೊಡೋಕೆ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಏನಿದ್ರೂ ಜೆರಾಕ್ಸ್ ಕೊಡಿ, ಅಸಲು ಯಾವುದೂ ಕೈಬಿಡಬೇಡಿ. ಕೇಳಿಸ್ತಾ?"

"ಕೇಳಿಸ್ತು ತಾಯಿ. ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ?"

"ನಗಿ, ನಗಿ" ಎಂದು ನರ್ಸಮ್ಮ ಡ್ಯೂಟಿಗೆ ಹೊರಟಳು.

ಟೇಪಕ್ಕ ನಿಜವಾಗಿಯೂ ಹೇಳಿದಂತೆ ನಡೆದಳು. ಬಟ್ಟೆ ತೊಳೆದು ಕೊಡುವ ಅಂಗಡಿಗಳು, ಮದುವೆ ಉಡುಪಿನ ಅಂಗಡಿ, ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆ, ಎಲ್ಲ ಮೆಟ್ಟಿಲೂ ಹತ್ತಿದಳು. ಸಮವಸ್ತ್ರದ ಕಾರ್ಖಾನೆಯಲ್ಲಿ ಮಾಲೀಕಳೇ ಬಂದು, ಈಗ ಜಾಗ ಖಾಲಿಯಿಲ್ಲ, ತಿಂಗಳು ಬಿಟ್ಟು ಕೇಳು ಎಂದು ನಂಬರು ಬರೆದಿಟ್ಟುಕೊಂಡಳು. ಒಂದು ಕಡೆ ಕಪ್ಪು ಕನ್ನಡಕದವನೊಬ್ಬ ನೋಂದಣಿ ಶುಲ್ಕ ಎಂದು ದುಡ್ಡು ಕೇಳಿದ. ಟೇಪಕ್ಕ ಅವನ ಕಾಲರಿನ ಎಡ ತುದಿ ಬಲಕ್ಕಿಂತ ಕಾಲಿಂಚು ಉದ್ದವಿದ್ದುದನ್ನು ನೋಡಿಕೊಂಡು ಎದ್ದು ಬಂದಳು. ಸಂಜೆ ನರ್ಸಮ್ಮನಿಗೆ ಹೇಳಿ ಬೀಗಿದಳು. ತನ್ನನ್ನು ಯಾರೂ ಯಾಮಾರಿಸಲಾರರು ಎಂದು ಅವತ್ತು ಅವಳಿಗೆ ಧೈರ್ಯ ಬಂತು. ಕಳ್ಳನ ಹಾಗೇ ಕಾಣುವ ಕಳ್ಳನನ್ನು ಹಿಡಿಯುವುದೇನು ಮಹಾ?

ಇಪ್ಪತ್ತೊಂಬತ್ತು ದಿನ ಕಳೆದವು. ಮೂವತ್ತನೆಯ ದಿನ, ಬಣ್ಣದ ಡಬ್ಬಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಹೊಲಿಗೆ ಕೋಣೆ ಸಿಕ್ಕಿತು. ಹನ್ನೆರಡು ಮಷೀನು, ಒಳ್ಳೆಯ ಬೆಳಕು, ನೆಲದಲ್ಲಿ ಚಿಂದಿ ಬಟ್ಟೆ ಇಲ್ಲ. ಮ್ಯಾನೇಜರ್ ಅವಳ ಮಾತು ಕೇಳಿದವನೇ ಕನ್ನಡದಲ್ಲೇ ಮಾತಾಡಿದ.

"ಅಯ್ಯೋ, ನಮ್ಮವರೇ. ಮೊದಲು ಕೂತ್ಕೊಳ್ಳಿ ಅಕ್ಕ, ಟೀ ಕುಡೀರಿ. ಕೆಲಸ ಎಲ್ಲಿಗೆ ಓಡಿಹೋಗುತ್ತೆ?"

ಪರದೇಶದ ಬೀದಿಯಲ್ಲಿ ಒಂದು ತಿಂಗಳು ಅಲೆದವಳಿಗೆ ಸ್ವಂತ ಭಾಷೆಯಲ್ಲಿ ಕೂತ್ಕೊಳ್ಳಿ ಅನ್ನಿಸಿಕೊಳ್ಳುವುದು ಏನೆಂದು ಅಲೆದವರಿಗೇ ಗೊತ್ತು. ಟೇಪಕ್ಕನ ಅರ್ಧ ಎಚ್ಚರ ಆ ಟೀಯಲ್ಲೇ ಕರಗಿತು. ಮ್ಯಾನೇಜರ್ ಒಂದು ಕೋಟಿನ ತೋಳು ಕೂರಿಸಲು ಕೊಟ್ಟ. ಒಂದು ಸುಕ್ಕಿಲ್ಲದೆ ಕೂರಿಸಿದಳು. ಅವನು ಅದನ್ನು ತಿರುಗಿಸಿ, ಒಳಮೈ ನೋಡಿ, "ಇಂಥ ಕೈ ಇಲ್ಲಿ ಇಲ್ಲ ಅಕ್ಕ" ಎಂದ. ಒಳಮೈ ನೋಡುವವನು ಕೆಲಸ ಬಲ್ಲವನು ಎಂದು ಅವಳಿಗೆ ಗೌರವವೂ ಹುಟ್ಟಿತು.

ಆಮೇಲೆ ಅವನು ಮೇಜಿನ ಕಬ್ಬಿಣದ ಡ್ರಾಯರ್ ಎಳೆದ. ಅದರೊಳಗೆ ಪಾಸ್‌ಪೋರ್ಟುಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಬಿಳಿ ಚೀಟಿ, ಚೀಟಿಯ ಮೇಲೆ ಅಂಕಿ.

"ನಿಮ್ಮದೂ ಕೊಟ್ಟಿರಿ ಅಕ್ಕ. ನಮ್ಮಲ್ಲಿ ಎಲ್ಲರದ್ದೂ ಇಲ್ಲೇ ಇರುತ್ತೆ. ಭದ್ರವಾಗಿರುತ್ತೆ, ಪರವಾನಗಿ ಬದಲಾಯಿಸೋಕೂ ಬೇಕಲ್ಲ."

ನರ್ಸಮ್ಮನ ಮಾತು ಆಗ ನೆನಪಾಗಲಿಲ್ಲವೇ ಎಂದು ಕೇಳಬಹುದು. ನೆನಪಾಗಲಿಲ್ಲ. ಅವಳಿಗೆ ಕಂಡದ್ದು ಮಾವನ ಹಲಗೆ. ಹದಿನಾರನೇ ವಯಸ್ಸಿನಿಂದ ಅವಳ ಕೈ ಕಲಿತದ್ದು ಅದನ್ನೇ: ಕೆಲಸಕ್ಕೆ ಸೇರುವುದೆಂದರೆ ತನ್ನದೊಂದನ್ನು ಮಾಸ್ಟರಿಗೆ ಒಪ್ಪಿಸುವುದು, ಅಂಕಿ ಹಾಕಿಸಿಕೊಳ್ಳುವುದು, ಆ ಜಾಗಕ್ಕೆ ಸೇರಿದವಳಾಗುವುದು. ಕೈ ತಾನಾಗಿ ಚೀಲಕ್ಕೆ ಹೋಯಿತು. ಅವನು ಹನ್ನೊಂದು ಎಂದು ಬರೆದು ಅಂಟಿಸಿದ. ಏಳೇ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದುಕೊಂಡಳಂತೆ, ಪುಣ್ಯಾತ್ಗಿತ್ತಿ.

ಆ ವಾರ ನರ್ಸಮ್ಮನಿಗೆ ರಾತ್ರಿ ಪಾಳಿ. ಇವಳು ಬರುವಾಗ ಅವಳು ಹೊರಟಿರುತ್ತಿದ್ದಳು. ಬಾಗಿಲಲ್ಲಿ ಎದುರಾದಾಗ "ಕೆಲಸ ಸಿಕ್ತು" ಎಂದಳು. "ಬೋರ್ಡಿನ ಫೋಟೋ?" ಎಂದರೆ "ನಮ್ಮವರೇ ಕಣ್ರೀ" ಎಂದಳು. "ಕಾಗದ ಪತ್ರ?" ಎಂದರೆ "ಬರ್ತಿದೆ" ಎಂದಳು. ಪಾಸ್‌ಪೋರ್ಟ್ ಕೊಟ್ಟದ್ದನ್ನು ಮುಚ್ಚಿಟ್ಟಳು ಅಂತಲ್ಲ. ಹೇಳಬೇಕಾದ ಸುದ್ದಿ ಎಂದು ಅದು ಅವಳಿಗೆ ಅನ್ನಿಸಲೇ ಇಲ್ಲ.

ಕೆಲಸವೇನೋ ನಡೆಯಿತು. ಎಂಟು ಗಂಟೆ ಎಂದದ್ದು ಹತ್ತಾಯಿತು, ಹನ್ನೊಂದಾಯಿತು. ಕೆಲಸದ ಕರಾರು ಪತ್ರ ಕೇಳಿದರೆ ನಾಳೆ. ಪರವಾನಗಿ ಕೇಳಿದರೆ "ಅರ್ಜಿ ಹಾಕಿದೀನಿ ಅಕ್ಕ, ಕಚೇರಿಯವರು ನಿಧಾನ." ಕ್ಯಾಲೆಂಡರಿನ ಕೆಂಪು ಸುತ್ತು ಹತ್ತಿರವಾಗುತ್ತಿತ್ತು. ಆದರೂ ಮ್ಯಾನೇಜರ್ ಒಂದು ದಿನವೂ ದನಿ ಏರಿಸಿದವನಲ್ಲ. ಸುಸ್ತಾಗಿ ಕಂಡರೆ ಟೀ ತರಿಸುತ್ತಿದ್ದ.

ಹನ್ನೆರಡನೆಯ ದಿನ ಮಧ್ಯಾಹ್ನ ಟೇಪಕ್ಕ ಕಿಟಕಿ ಬದಿಯ ಮಷೀನಿನಲ್ಲಿ ಕೂತಿದ್ದಳು. ಪಕ್ಕದ ಮಷೀನಿನ ಮನುಷ್ಯ ದಿನವಿಡೀ ಕಾಲರ್ ಮಾತ್ರ ಹೊಲಿಯುವವನು. ಅವನೂ ಕನ್ನಡದವನೇ, ಅವಳು ಕಾಲರಣ್ಣ ಎನ್ನುತ್ತಿದ್ದಳು. ಅವನು ಎದ್ದು ಮ್ಯಾನೇಜರ್ ಮೇಜಿನ ಮುಂದೆ ಹೋಗಿ ನಿಂತ.

"ಸಾರ್, ನಮ್ಮ ತಂದೆಗೆ ಜಾಸ್ತಿ ಆಗಿದೆಯಂತೆ. ಒಂದು ಸಲ ಹೋಗಿ ಮುಖ ನೋಡ್ಕೊಂಡು ಬರ್ತೀನಿ. ಪಾಸ್‌ಪೋರ್ಟ್ ಕೊಡಿ ಸಾರ್."

ಮ್ಯಾನೇಜರ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. "ನನಗೆ ಅರ್ಥ ಆಗಲ್ವಾ ಅಣ್ಣ? ಸೀಸನ್ ಮುಗೀಲಿ, ನಾನೇ ಕೈಯಾರೆ ಕೊಡ್ತೀನಿ" ಎಂದ.

ಟೇಪಕ್ಕನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಅದೇ ಮಾತು. ಅಕ್ಷರವೂ ಬೇರೆಯಿಲ್ಲ. ಹೆಗಲ ಮೇಲಿನ ಕೈಯೂ ಅದೇ. ಕಾಲರಣ್ಣ ತಿರುಗಿ ಬಂದು ಮಷೀನಿನ ಮುಂದೆ ಕೂತ. ಅವನ ಮುಖ ಮೂಲೆಯಲ್ಲಿ ಕೂತ ಕಾಜಕ್ಕನ ಮುಖದ ಹಾಗೇ ಇತ್ತು. ಟೇಪಕ್ಕನಿಗೆ ಮೊದಲು ಬಂದದ್ದು ತನ್ನ ಪಾಸ್‌ಪೋರ್ಟಿನ ಭಯವಲ್ಲ. ಸ್ವಲ್ಪ ತಡ್ಕೋ ಎಂದು ತಾನು ಹೇಳಿದ್ದು ನೆನಪಾಗಿ ನಾಚಿಕೆಯಾಯಿತು. ಭಯ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಕೆಲಸ ಸಿಗದಿದ್ದರೆ ಊರಿಗೆ ಹೋಗುತ್ತೇನೆ ಎಂದುಕೊಂಡಿದ್ದಳು. ಈಗ ಊರಿಗೂ ಹೋಗುವಂತಿಲ್ಲ.

ಸಂಜೆ ಕೋಣೆಯಲ್ಲಿ ಎಲ್ಲ ಹೇಳಿದಳು. ನರ್ಸಮ್ಮ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದಳು. ನರ್ಸಮ್ಮ ಬೈಯಲಿಲ್ಲ. ಅದರಿಂದಲೇ ಟೇಪಕ್ಕನಿಗೆ ವಿಷಯ ಎಷ್ಟು ಗಂಭೀರ ಎಂದು ಗೊತ್ತಾಯಿತು.

"ನಾಳೆ ಅವನ ಹತ್ರ ಜಗಳ ಆಡಬೇಡಿ" ಎಂದಳು ನರ್ಸಮ್ಮ. "ಕೇಳೋಕೂ ಹೋಗಬೇಡಿ. ಕೇಳಿದ್ರೆ ಡ್ರಾಯರ್ ಖಾಲಿ ಮಾಡ್ತಾನೆ. ನಿಮ್ಮ ಹತ್ರ ಜೆರಾಕ್ಸ್ ಆದ್ರೂ ಇದೆಯಾ?"

"ಇದೆ. ಫೋನಲ್ಲೂ ಫೋಟೋ ಇದೆ. ಮಗಳಿಗೂ ಕಳಿಸಿದ್ದೆ."

"ಅಷ್ಟಾದ್ರೂ ಬುದ್ಧಿ ಇತ್ತಲ್ಲ. ನಾಳೆ ಬೆಳಿಗ್ಗೆ ಕಾರ್ಮಿಕ ಇಲಾಖೆಗೆ ಹೋಗೋಣ. ನಾನು ರಜೆ ಹಾಕ್ತೀನಿ."

ಇಲಾಖೆಯ ಕಚೇರಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಟೋಕನ್ ನಂಬರು ತೋರಿಸುವ ಪರದೆ, ಗೋಡೆಯ ಮೇಲೆ ಹತ್ತು ಭಾಷೆಯ ಬೋರ್ಡು. ಅಧಿಕಾರಿ ಐವತ್ತರ ಹೆಂಗಸು. ಭುಜ ಹದಿನೈದೂವರೆ, ನಗದ ಮುಖ. ಭಾಷೆ ಬಾರದವರಿಗೆಂದು ಅವಳ ಮೇಜಿನ ಮೇಲೆ ಒಂದು ಫೋನಿತ್ತು, ಅದರ ಆಚೆ ತುದಿಯಲ್ಲಿ ಎಲ್ಲೋ ಕೂತ ದುಭಾಷಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಅವನ ಕನ್ನಡವೋ, ಪಾಠ ಓದಿದ ಹಾಗೆ.

"ತಾವು ಸದರಿ ದಾಖಲೆಯನ್ನು ಸ್ವಇಚ್ಛೆಯಿಂದ ಸಲ್ಲಿಸಿದಿರೋ, ಅಥವಾ ಬಲವಂತವಾಗಿ ಪಡೆಯಲಾಯಿತೋ?"

ಟೇಪಕ್ಕ ನರ್ಸಮ್ಮನ ಕಡೆ ತಿರುಗಿದಳು. "ಏನಂತೆ?"

"ನೀವೇ ಕೊಟ್ರಾ, ಅವನು ಕಿತ್ಕೊಂಡನಾ ಅಂತ."

"ನಾನೇ ಕೊಟ್ಟೆ" ಎಂದಳು. ಯಾಕೆ ಎಂದು ಅಧಿಕಾರಿ ಕೇಳಿದಳು. ಟೇಪಕ್ಕ ಮಾವನ ಹಲಗೆ, ಮೊಳೆ, ಕತ್ತರಿ, ಅಂಕಿ ಎಲ್ಲ ಹೇಳಿದಳು. ದುಭಾಷಿ ಎರಡು ಸಲ "ಕತ್ತರಿಯೇ?" ಎಂದು ಕೇಳಿ ಖಚಿತ ಮಾಡಿಕೊಂಡ. ಅವನು ತಿರುಗಿಸಿ ಹೇಳಿ ಮುಗಿಸುವವರೆಗೂ ಅಧಿಕಾರಿ ಟೇಪಕ್ಕನ ಕುತ್ತಿಗೆಯ ಟೇಪನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಏನೋ ಹೇಳಿದಳು.

"ನೀವೇ ಕೊಟ್ಟಿದ್ದರೂ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ ಎಂದು ಅಧಿಕಾರಿಗಳು ತಿಳಿಸುತ್ತಿದ್ದಾರೆ" ಎಂದ ದುಭಾಷಿ. ಆಮೇಲೆ ತನ್ನದೇ ಮಾತಿನಲ್ಲಿ ಸೇರಿಸಿದ: "ಭಯ ಬೇಡಮ್ಮ, ಇದು ನಿಮ್ಮ ತಪ್ಪಲ್ಲ ಅಂತಿದ್ದಾರೆ."

ಅಧಿಕಾರಿ ಕಂಪ್ಯೂಟರಿನಲ್ಲಿ ಹುಡುಕಿದಳು. ಆ ಅಂಗಡಿಗೆ ಹೊರದೇಶದವರನ್ನು ಇಟ್ಟುಕೊಳ್ಳುವ ಪರವಾನಗಿಯೇ ಇರಲಿಲ್ಲ. ಟೇಪಕ್ಕನ ಹೆಸರಿನಲ್ಲಿ ಯಾರೂ ಯಾವ ಅರ್ಜಿಯನ್ನೂ ಹಾಕಿರಲಿಲ್ಲ. ಕೆಂಪು ಸುತ್ತಿಗೆ ಇನ್ನು ಹದಿನೇಳು ದಿನ. ಅಷ್ಟು ದಿನ ಅವನು ಟೀ ಕುಡಿಸಿಕೊಂಡೇ ತಳ್ಳಿದ್ದರೆ ಅವಳು ಈ ದೇಶದಲ್ಲಿ ಪರವಾನಗಿಯಿಲ್ಲದ ಕಳ್ಳಿಯಾಗಿಬಿಡುತ್ತಿದ್ದಳು. ಆಮೇಲೆ ಯಾವ ಕಚೇರಿಯ ಮೆಟ್ಟಿಲು ಹತ್ತಲೂ ಕಾಲು ಬರುತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಇಲಾಖೆಯವರು ಮೂವರು ಬಂದರು. ಕಿರುಚಾಟವಿಲ್ಲ, ಎಳೆದಾಟವಿಲ್ಲ. ಡ್ರಾಯರ್ ತೆಗೆಸಿದರು. ಮ್ಯಾನೇಜರ್ "ಅವರೇ ಇಡಿ ಅಂತ ಕೊಟ್ಟಿದ್ದು" ಎಂದ. ಟೇಪಕ್ಕನ ಕಡೆ ನೋಡಿ "ಕೇಳಿ ನೋಡಿ, ಅಕ್ಕನ್ನೇ ಕೇಳಿ" ಎಂದ. ಆ ದನಿಯಲ್ಲಿ ನಿಜವಾಗಿಯೂ ನೋವಿತ್ತು. ತಾನು ಕೆಟ್ಟವನೆಂದು ಅವನಿಗೂ ಅನ್ನಿಸಿರಲಿಲ್ಲವೋ ಏನೋ. ಹನ್ನೊಂದು ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಹೆಸರು ಕರೆದು ಕೊಟ್ಟರು. ಕಾಲರಣ್ಣ ತನ್ನದನ್ನು ಅಂಗಿಗೆ ಒರೆಸಿಕೊಂಡು ಮೆಟ್ಟಿಲಿಳಿದ. ಟೇಪಕ್ಕನನ್ನು ಕೂಗಿದಾಗ ಅವಳು ಎಂದಿನಂತೆ ತಿರುಗಲಿಲ್ಲ. ಎರಡನೇ ಸಲ ಕೂಗಿದ ಮೇಲೆ, ಅದು ತನ್ನ ಹೆಸರೆಂದು ನೆನಪಾಗಿ ಹೋಗಿ ಇಸಿದುಕೊಂಡಳು. ಒಳಗಿನ ಫೋಟೋದಲ್ಲಿ ಟೇಪಿಲ್ಲದ ಆ ಹೆಂಗಸಿನ ಮುಖ ನೋಡಿ ಅವಳಿಗೆ ಮೊದಲ ಬಾರಿ ಪ್ರೀತಿ ಬಂತು.

ದೂರು ಕೊಟ್ಟವರಿಗೆ ಕೆಲಸ ಹುಡುಕಲು ಇನ್ನೂ ಮೂವತ್ತು ದಿನ ಎಂದು ಅಧಿಕಾರಿ ಬರೆದುಕೊಟ್ಟಳು. ಟೇಪಕ್ಕ ಸಮವಸ್ತ್ರದ ಕಾರ್ಖಾನೆಗೆ ಮತ್ತೆ ಹೋದಳು, ಜಾಗ ಖಾಲಿಯಾಗಿತ್ತು. ಈ ಸಲ ನರ್ಸಮ್ಮ ಮೊದಲೇ ಪಟ್ಟಿ ನೋಡಿದ್ದಳು. ಕರಾರು ಪತ್ರವನ್ನು ಫೋನಿನ ದುಭಾಷಿ ಸಾಲು ಸಾಲಾಗಿ ಓದಿ ಹೇಳಿದ ಮೇಲೇ ಟೇಪಕ್ಕ ಸಹಿ ಹಾಕಿದಳು. ಮಾಲೀಕಳು ಪಾಸ್‌ಪೋರ್ಟ್ ಇಸಿದುಕೊಂಡು ಪಕ್ಕದ ಯಂತ್ರದಲ್ಲಿ ಜೆರಾಕ್ಸ್ ಮಾಡಿ ಅಲ್ಲೇ ವಾಪಸ್ ಕೊಟ್ಟಳು. ಸಂಜೆ ಹೊರಡುವಾಗ ಟೇಪಕ್ಕ ಕತ್ತರಿ ಎಲ್ಲಿ ತೂಗುಹಾಕಲಿ ಎಂದು ಗೋಡೆ ನೋಡುತ್ತಾ ನಿಂತಳು. ಎಲ್ಲರೂ ತಮ್ಮ ತಮ್ಮ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ಅವಳೂ ಹಾಕಿಕೊಂಡಳು.

ಆ ಭಾನುವಾರ ಮಾವನಿಗೆ ಫೋನ್ ಮಾಡಿದಳು.

"ಏನು ಮಗಳೇ, ದೊಡ್ಡ ದೇಶದವಳು ನಮ್ಮನ್ನ ನೆನೆಸ್ಕೊಂಡೆ?"

"ಮಾವ, ಹಲಗೆ ಮೇಲೆ ಈಗ ಎಷ್ಟು ಕತ್ತರಿ ಇದೆ?"

"ಒಂಬತ್ತಿದೆ. ನಿಂದು, ಕಾಜಕ್ಕಂದು ಸೇರಿ. ಯಾಕೆ?"

"ಎಲ್ಲರದ್ದೂ ಅವರವರ ಕೈಗೆ ಕೊಟ್ಬಿಡಿ ಮಾವ."

ಆಮೇಲೆ ನಡೆದದ್ದನ್ನೆಲ್ಲ ಹೇಳಿದಳು. ಡ್ರಾಯರ್, ಚೀಟಿ, ಕಾಲರಣ್ಣ, ಸೀಸನ್. ಕೊನೆಗೆ ಮಾವ ಕೇಳಿದರು: "ಅಂದ್ರೆ ನಾನೂ ಅವನೂ ಒಂದೇನಾ? ನಿನ್ನ ಸಾಕಿದವನು ಕಣೆ ನಾನು."

"ಸಾಕಿದ್ರಿ ಮಾವ. ಅದಕ್ಕೇ ನನಗೆ ಗೊತ್ತಾಗ್ಲಿಲ್ಲ. ಅವನೂ ನನ್ನ ಅಕ್ಕ ಅಂತಾನೇ ಕರೀತಿದ್ದ."

ಮಾವ ಫೋನ್ ಇಟ್ಟುಬಿಟ್ಟರು. ಮುಂದಿನ ಭಾನುವಾರ ಎತ್ತಲಿಲ್ಲ, ಅದರ ಮುಂದಿನದೂ ಎತ್ತಲಿಲ್ಲ. ಐದು ಭಾನುವಾರ ಹಾಗೇ ಹೋದವು. ತಪ್ಪು ಮಾತಾಡಿದೆನೇ ಎಂದು ಟೇಪಕ್ಕ ಒದ್ದಾಡಿದಳು. ಅಪ್ಪನ ಜಾಗದಲ್ಲಿ ನಿಂತವರಿಗೆ ಹಾಗೆ ಅನ್ನಬಾರದಿತ್ತು ಎಂದು ಅತ್ತಳು. ಅಂದದ್ದು ಸುಳ್ಳು ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ಆರನೇ ಭಾನುವಾರ ಮಗಳು ಫೋನ್ ಮಾಡಿದಳು.

"ಅಮ್ಮ, ತಾತ ನಮ್ಮನೆಗೆ ಬಂದಿದ್ರು. ನಿನ್ನ ಕತ್ತರಿ ಕೊಟ್ಟು ಹೋದ್ರು. ಅಂಗಡಿಯವರಿಗೆಲ್ಲ ಕೊಟ್ಟಾಯ್ತಂತೆ, ಹಲಗೆ ಕಿತ್ತು ಹಾಕಿದಾರಂತೆ. ಕಾಜಕ್ಕ ಅಂತ ಯಾರೋ ಇದಾರಲ್ಲ, ಅವರ ಮನೆ ಹುಡುಕೋಕೇ ಇಷ್ಟು ದಿನ ಆಯ್ತಂತೆ. ಒಬ್ಬರೇ ಹೋಗೋಕೆ ಧೈರ್ಯ ಇಲ್ಲ, ನೀನು ಬಾ ಅಂತ ನನ್ನ ಕರ್ಕೊಂಡು ಹೋದ್ರು."

ಟೇಪಕ್ಕ ಹಾಸಿಗೆಯ ಮೇಲೆ ಕೂತಳು. "ಹೋದ್ರಾ? ಸಿಕ್ಕಿದ್ಲಾ?"

"ಸಿಕ್ಕಿದ್ರು. ಒಂದು ಸಣ್ಣ ಮನೆ, ಬಾಗಿಲಲ್ಲೇ ಮಷೀನು. ತಾತ ಕತ್ತರಿ ಮುಂದೆ ಹಿಡಿದ್ರು. ಅವರು ತಗೊಂಡು, ಬೆರಳು ಹಾಕಿ, ಎರಡು ಸಲ ತೆಗೆದು ಮುಚ್ಚಿ ನೋಡಿದ್ರು. ಹೊಸದರ ಹಾಗೇ ಇತ್ತಮ್ಮ, ಪಳಪಳ ಅಂತ. ಆಮೇಲೆ ತಾತನ್ನ ನೋಡಿ, ಚೆನ್ನಾಗಿ ನೋಡ್ಕೊಂಡಿದ್ದೀರ ಮಾಸ್ಟ್ರೇ ಅಂದ್ರು. ನಮ್ಮಮ್ಮನ್ನ ಇಷ್ಟು ಚೆನ್ನಾಗಿ ಯಾರೂ ನೋಡ್ಕೊಳ್ಳಲಿಲ್ಲ ಅಂದ್ರು."

"ಮಾವ ಏನಂದ್ರು?" ಎಂದಳು ಟೇಪಕ್ಕ.

"ಬಸ್ಸಿಂದ ಮನೆ ಹತ್ರ ಇಳಿಯೋವಾಗ, ನಿಮ್ಮಮ್ಮನಿಗೆ ಹೇಳು, ಕೊಟ್ಟೆ ಅಂತ ಹೇಳು, ಅಂದ್ರು. ಅಷ್ಟೇ."

"ನನ್ನ ವಿಷಯ ಏನಾದ್ರೂ ಕೇಳಿದ್ಲಾ ಅವಳು?"

"ಕೇಳಿದ್ರು. ಟೇಪು ಇನ್ನೂ ಕುತ್ತಿಗೇಲೇ ಇರುತ್ತಾ ಅಂತ ಕೇಳಿದ್ರು. ನಂಬರ್ ಕೊಟ್ಟಿದಾರೆ, ಬರ್ಕೋ."

ಟೇಪಕ್ಕ ಬರೆದುಕೊಂಡಳು. ನರ್ಸಮ್ಮ ಆಚೆ ಹಾಸಿಗೆಯಲ್ಲಿ ಮಲಗಿದ್ದಳು, ಎಚ್ಚರವಿದ್ದರೂ ಕಣ್ಣು ಮುಚ್ಚಿಕೊಂಡಿದ್ದಳು. ಟೇಪಕ್ಕ ಆ ನಂಬರು ಒತ್ತಿದಳು. ಮೂರನೇ ರಿಂಗಿಗೆ ಫೋನ್ ಎತ್ತಿದರು, ಆಚೆ ಕಡೆ ಮಷೀನಿನ ಸದ್ದು ನಿಂತಿತು.

"ಯಾರು?"

"ಕಾಜಕ್ಕ, ನಾನು ಟೇಪು" ಎಂದಳು. ಹೇಗಿದ್ದೀಯ ಎಂದು ಕೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿದ್ದಳು. ಬಾಯಿಗೆ ಬಂದದ್ದು ಬೇರೆ. "ಅವತ್ತು ನಿನಗೆ ತಡ್ಕೋ ಅಂದವಳು ನಾನು."

"ಗೊತ್ತು" ಎಂದಳು ಕಾಜಕ್ಕ. ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. "ಹೇಳು, ಕೂತಿದೀನಿ."